ಹನ್ನೆರಡು ದೇಶದವರ ಜೊತೆ ಮೂರು ವಾರ ಕಥೆ ಹೇಳಲು ಕಲಿತೆ: ಹೋಗಬೇಕು ಅಂದುಕೊಂಡವರು ಕೇಳಿ

ಅರ್ಧಕಥೆ

ಶಿಬಿರ ಮುಗಿಸಿ ಬಂದು ಹತ್ತು ದಿನವಾಯಿತು. ಅಲ್ಲೇ ಉಳಿದು, ಅಲ್ಲೇ ಮಲಗಿ, ಬೆಳಗ್ಗೆಯಿಂದ ರಾತ್ರಿವರೆಗೆ ಕಥೆ ಹೇಳುವುದನ್ನು ಕಲಿಯುವ ಶಿಬಿರ. ಕಥೆ ಬರೆಯುವುದಲ್ಲ. ನಾಟಕವೂ ಅಲ್ಲ. ಎದುರಿಗೆ ಕೂತವರಿಗೆ ಸುಮ್ನೆ ಬಾಯಿಂದ ಕಥೆ ಹೇಳುವುದು. ಹದಿನೇಳು ಜನ, ನಮ್ಮದೂ ಸೇರಿ ಹದಿಮೂರು ದೇಶ. ಹೋಗುವ ಮುಂಚೆ ಎಷ್ಟು ಹುಡುಕಿದರೂ ಕನ್ನಡದಲ್ಲಿ ಇದರ ಬಗ್ಗೆ ಬರೆದವರು ಸಿಗಲಿಲ್ಲ. ಅದಕ್ಕೇ ನಾನೇ ಬರೆಯುತ್ತಿದ್ದೇನೆ.

ನನಗಿದ್ದ ಭಯ ಒಂದೇ, ಇಂಗ್ಲಿಷ್. ಆಫೀಸಿನ ಮೇಲ್ ಬರೆಯುವಷ್ಟು ಬರುತ್ತದೆ. ಆದರೆ ಗುಡಿಸಲಿನ ಬಾಗಿಲು ಕಿರ್ರ್ ಅಂದದ್ದು, ಮುದುಕಿ ಕೆಮ್ಮಿದ್ದು, ಕತ್ತಲು ಗವ್ ಅಂದದ್ದು, ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? ಮೊದಲ ಸಂಜೆ ಎಲ್ಲರೂ ಸುತ್ತ ಕೂತೆವು. ನನ್ನ ಪಕ್ಕದಲ್ಲಿದ್ದ ಐರ್ಲೆಂಡಿನ ಹೆಂಗಸು ಹೆಸರು ಹೇಳಿಕೊಂಡದ್ದೇ ಹಾಡಿದ ಹಾಗಿತ್ತು. ಮುಗೀತು ನನ್ನ ಕಥೆ ಅಂದುಕೊಂಡೆ.

ಎರಡನೇ ದಿನ ಒಂದು ಆಟ ಆಡಿಸಿದರು. ಇಬ್ಬಿಬ್ಬರು ಜೋಡಿ. ಒಬ್ಬರು ತಮ್ಮ ಭಾಷೆಯಲ್ಲಿ ಮೂರು ನಿಮಿಷ ಕಥೆ ಹೇಳಬೇಕು. ಕೇಳುವವರಿಗೆ ಆ ಭಾಷೆ ಬರಬಾರದು, ಅದೇ ನಿಯಮ. ಮುಗಿದ ಮೇಲೆ ಅವರು ತಮಗೆ ಏನು ಕಂಡಿತು ಅಂತ ಹೇಳಬೇಕು. ನನಗೆ ಸಿಕ್ಕಿದ್ದು ಕೊರಿಯಾದ ಹುಡುಗಿ. ನಾನು ನಮ್ಮ ಅಜ್ಜಿ ಹೇಳುತ್ತಿದ್ದ, ನೆರಳು ಕಳೆದುಕೊಂಡ ಮುದುಕಿಯ ಕಥೆ ಶುರು ಮಾಡಿದೆ. ಮುಗಿಸಿದಾಗ ಅವಳು ಹೇಳಿದಳು: "ಒಬ್ಬ ವಯಸ್ಸಾದವಳು ಏನನ್ನೋ ಹುಡುಕುತ್ತಿದ್ದಾಳೆ. ಅದು ಅವಳ ಬೆನ್ನ ಹಿಂದೆಯೇ ಇದೆ."

ನನಗೆ ಮೈ ಜುಂ ಅಂತು. ಅವಳಿಗೆ ಗೊತ್ತಿದ್ದ ಕನ್ನಡದ ಪದ ಸೊನ್ನೆ.

ಅಲ್ಲಿಂದ ಮುಂದೆ ಇಂಗ್ಲಿಷಿನ ಭಯ ಹೋಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಆದರೆ ಭಯ ಜಾಗ ಬದಲಾಯಿಸಿತು. ನಾನು ಪದ ಹುಡುಕುವಾಗ ನನ್ನ ಕಣ್ಣು ಖಾಲಿ ಆಗುತ್ತದೆ, ಎದುರಿನವರಿಗೆ ಏನೂ ಕಾಣುವುದಿಲ್ಲ. ನಾನೇ ಮುದುಕಿಯನ್ನು ನೋಡುತ್ತಿದ್ದರೆ ಮುರುಕು ಇಂಗ್ಲಿಷಿನಲ್ಲೂ ಅವರಿಗೆ ಕಾಣುತ್ತಾಳೆ. ಮೂರು ವಾರ ನಾನು ಕಲಿತದ್ದು ಬಹುಪಾಲು ಇದೇ.

ಕೇಳುವುದಿದ್ದರೆ ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ.

ಹಳೇಛತ್ರಿ

ತಪ್ಪು ತಿಳಿಯಬೇಡಿ ಅಕ್ಕ. ಕಥೆ ಹೇಳುವುದಕ್ಕೂ ಕೋರ್ಸ್ ಬೇಕಾ? ನಿಮ್ಮ ಅಜ್ಜಿ ಯಾವ ಸರ್ಟಿಫಿಕೇಟ್ ತೆಗೆದುಕೊಂಡಿದ್ದರು? ಉಸಿರಾಡುವುದಕ್ಕೆ, ನಡೆಯುವುದಕ್ಕೆ, ನಗುವುದಕ್ಕೆ ಎಲ್ಲದಕ್ಕೂ ಈಗ ಶಿಬಿರ. ಇದೂ ಆ ಸಾಲಿಗೇ ಸೇರಿತಾ ಅಂತ ಅನುಮಾನ.

ಅರ್ಧಕಥೆ

ಹೋಗುವ ಮುಂಚೆ ಇದೇ ಪ್ರಶ್ನೆ ನನ್ನ ತಮ್ಮನೂ ಕೇಳಿದ್ದ. ಅಜ್ಜಿಯೂ ಕೋರ್ಸ್ ಮಾಡಿದ್ದರು ಅಣ್ಣ, ಆದರೆ ಅದು ಮೂರು ವಾರದ್ದಲ್ಲ, ಮೂವತ್ತು ವರ್ಷದ್ದು. ಅವರು ಒಂದೇ ಕಥೆಯನ್ನು ತಮ್ಮ ಅಮ್ಮನ ಬಾಯಲ್ಲಿ ನೂರು ಸಲ, ಅತ್ತೆಯ ಬಾಯಲ್ಲಿ ಇನ್ನೂರು ಸಲ ಕೇಳಿದ್ದರು. ನಾನು ಎಷ್ಟು ಕೇಳಿದ್ದೇನೆ? ಎಂಟನೇ ವಯಸ್ಸಿಗೆ ಟಿವಿ ಬಂತು, ಕೇಳುವುದು ನಿಂತಿತು. ನನಗೆ ನೆನಪಿರುವುದು ಐದು ಕಥೆ, ಅದರಲ್ಲೂ ಎರಡಕ್ಕೆ ಕೊನೆ ಇಲ್ಲ. ಈ ಹೆಸರು ಇಟ್ಟುಕೊಂಡದ್ದು ಅದಕ್ಕೇ.

ಸರ್ಟಿಫಿಕೇಟ್ ಕೊಟ್ಟರು, ಹೌದು. ಎಲ್ಲಿಟ್ಟಿದ್ದೇನೆ ಅಂತ ಮರೆತಿದ್ದೇನೆ.

ಮೂಲೆಬೆಂಚು

ದಿನ ಹೇಗಿರುತ್ತಿತ್ತು ಮೇಡಂ? ನಾನು ಸ್ವಲ್ಪ ಸಂಕೋಚದ ಸ್ವಭಾವದವನು. ದಿನವಿಡೀ ಅಪರಿಚಿತರ ನಡುವೆ ಇರುವುದನ್ನು ನೆನೆಸಿಕೊಂಡರೇ ಸುಸ್ತಾಗುತ್ತದೆ.

ಅರ್ಧಕಥೆ

ಸುಸ್ತು ಆಗೇ ಆಗುತ್ತದೆ. ಮುಚ್ಚಿಡುವುದಿಲ್ಲ.

ಬೆಳಗ್ಗೆ ಒಂದು ಗಂಟೆ ಮೈ ಮತ್ತು ದನಿಯ ಕೆಲಸ. ನಡೆಯುವುದು, ನಿಲ್ಲುವುದು, ಹೊಟ್ಟೆಯಿಂದ ಉಸಿರು ಬಿಡುವುದು. ನಿಲ್ಲುವುದು ಅಂತ ಹೇಳಿದ್ದನ್ನು ಓದಿ ನಗಬೇಡಿ. ಕೈ ಎಲ್ಲಿಡಬೇಕು ಅಂತ ಗೊತ್ತಿಲ್ಲದೆ ಹದಿನೇಳು ಜನ ದೊಡ್ಡವರು ಒದ್ದಾಡುವುದನ್ನು ನೀವು ನೋಡಬೇಕಿತ್ತು. ಆಮೇಲೆ ಕಥೆಯ ಕೆಲಸ. ಮಧ್ಯಾಹ್ನ ಜೋಡಿಯಲ್ಲೋ ಮೂವರ ಗುಂಪಿನಲ್ಲೋ ಅಭ್ಯಾಸ. ರಾತ್ರಿ ಊಟ ಆದ ಮೇಲೆ ಒಟ್ಟಾಗಿ ಕೂತು ಕಥೆ. ರಾತ್ರಿಯದ್ದು ಕಡ್ಡಾಯ ಅಲ್ಲ, ಆದರೆ ಯಾರೂ ತಪ್ಪಿಸುತ್ತಿರಲಿಲ್ಲ.

ಕಥೆಯ ಕೆಲಸ ಅಂದರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ನನಗೆ ತುಂಬ ಉಪಯೋಗಕ್ಕೆ ಬಂದದ್ದು ಇದು. ಮೊದಲು ಕಥೆಯ ಮೂಳೆಗಳನ್ನು ಬಿಡಿಸಬೇಕು. ಏಳೆಂಟು ವಾಕ್ಯ, ಅಷ್ಟೇ. ಯಾರು, ಏನು ಬೇಕಿತ್ತು, ಏನು ಅಡ್ಡ ಬಂತು, ಏನಾಯಿತು. ಆಮೇಲೆ ಅದನ್ನೇ ಒಂದು ನಿಮಿಷದಲ್ಲಿ ಹೇಳು. ಅದನ್ನೇ ಹತ್ತು ನಿಮಿಷ ಎಳೆ. ಅದನ್ನೇ ಕಥೆಯಲ್ಲಿ ಬರುವ ಬಾವಿಯ ಕಡೆಯಿಂದ ಹೇಳು. ಅದನ್ನೇ ಕೋಣೆಯ ಉದ್ದಕ್ಕೂ ನಡೆಯುತ್ತ ಹೇಳು: ಇಲ್ಲಿ ಮನೆ, ಅಲ್ಲಿ ಕಾಡು, ಕಿಟಕಿಯ ಹತ್ತಿರ ಹೊಳೆ. ಮಾರನೆಯ ದಿನ ಕೂತು ಹೇಳುವಾಗ ಕಣ್ಣು ತಾನಾಗಿ ಕಿಟಕಿಯ ಕಡೆ ಹೋಗುತ್ತದೆ, ಕೇಳುವವರೂ ಆ ಕಡೆ ತಿರುಗುತ್ತಾರೆ. ಅಲ್ಲಿ ಹೊಳೆ ಇದೆ ಅಂತ ಎಲ್ಲರಿಗೂ ಗೊತ್ತು!

ನಾಲ್ಕನೇ ದಿನ ನನಗೆ ಯಾರ ಮುಖವೂ ಬೇಡ ಅನ್ನಿಸಿತು. ಮಧ್ಯಾಹ್ನ ತಪ್ಪಿಸಿ ಮಲಗಿಬಿಟ್ಟೆ. ಯಾರೂ ಏನೂ ಕೇಳಲಿಲ್ಲ. ಸಂಜೆ ಗೊತ್ತಾಯಿತು, ಬ್ರೆಜಿಲ್‌ನ ನರ್ಸ್ ಕೂಡ ತನ್ನ ಕೋಣೆಯಲ್ಲಿ ಮಲಗಿದ್ದಳಂತೆ. ನಿಮ್ಮಂಥವರು ಒಂಟಿ ಕೋಣೆ ಸಿಗುತ್ತದಾ ಅಂತ ಮೊದಲೇ ಕೇಳಿ.

ಗುಂಡುಪಿನ್ನು

ಒಂದು ಪ್ರಶ್ನೆ. ಬಾಯಿಪಾಠ ಮಾಡಬೇಕಾ? ನನಗೆ ಪುಟಗಟ್ಟಲೆ ನೆನಪಿಡುವುದು ಆಗದ ಮಾತು.

ಅರ್ಧಕಥೆ

ಬೇಡವೇ ಬೇಡ. ಬಾಯಿಪಾಠ ಮಾಡಿಕೊಂಡು ಬಂದಿದ್ದ ಜರ್ಮನಿಯ ಹುಡುಗನಿಗೆ ಮೊದಲ ವಾರ ಅದನ್ನು ಮರೆಸುವುದರಲ್ಲೇ ಹೋಯಿತು. ಒಂದು ಪದ ತಪ್ಪಿದರೆ ಇಡೀ ಕಥೆ ಕುಸಿಯುತ್ತಿತ್ತು ಪಾಪ.

ಕನ್ನಡಕ

ಇದಕ್ಕೆ ನಾನೊಂದು ಸೇರಿಸುತ್ತೇನೆ, ನನ್ನ ಓದಿನ ವಿಷಯ ಇದು. ಮಿಲ್ಮನ್ ಪ್ಯಾರಿ ಅಂತ ಅಮೆರಿಕದ ವಿದ್ವಾಂಸ ಒಬ್ಬರಿದ್ದರು. ಪ್ರಾಚೀನ ಗ್ರೀಕ್ ಕವಿ ಹೋಮರನ ಕಾವ್ಯ ಬಾಯಿಂದ ಬಾಯಿಗೆ ಹೇಗೆ ಬಂತು ಅನ್ನುವುದು ಅವರ ಪ್ರಶ್ನೆ. ಸತ್ತವರನ್ನು ಕೇಳುವ ಹಾಗಿಲ್ಲವಲ್ಲ, ಅದಕ್ಕೆ 1933ರಿಂದ 1935ರ ನಡುವೆ ಆಗಿನ ಯುಗೊಸ್ಲಾವಿಯಾಕ್ಕೆ ಹೋದರು. ಅಲ್ಲಿ ಒಂಟಿ ತಂತಿಯ ವಾದ್ಯ ಹಿಡಿದು ವೀರರ ಕಥೆ ಹಾಡುವವರು ಇನ್ನೂ ಇದ್ದರು. ಜೊತೆಗೆ ಹೋದ ಶಿಷ್ಯ ಆಲ್ಬರ್ಟ್ ಲಾರ್ಡ್. ಅವ್ದೊ ಮೆಜೆದೊವಿಚ್ ಅನ್ನುವ ಓದು ಬರಹ ಬಾರದ ಹಾಡುಗಾರ 1935ರಲ್ಲಿ ಅವರಿಗೆ ಹೇಳಿ ಬರೆಸಿದ ಒಂದೇ ಹಾಡು 12,000 ಸಾಲು ದಾಟಿತು.

ಅವನು ಅಷ್ಟನ್ನೂ ಉರು ಹೊಡೆದಿದ್ದನಾ? ಇಲ್ಲ. ಈ ಹಾಡುಗಾರರ ಹತ್ತಿರ ಕಥೆಯ ಎಲುಬುಗೂಡು ಇರುತ್ತಿತ್ತು. ಬೆಳಗಾಯಿತು, ಕುದುರೆಗೆ ಜೀನು ಹಾಕಿದ, ಸಭೆ ಸೇರಿತು ಅನ್ನುವಂಥ ಸಿದ್ಧ ಮಾತುಗಳ ಗಂಟು ಇರುತ್ತಿತ್ತು. ಉಳಿದದ್ದನ್ನು ಹಾಡುತ್ತಲೇ ಕಟ್ಟುತ್ತಿದ್ದರು. ತಮಾಷೆ ಏನೆಂದರೆ, "ಹೋದ ಸಲ ಹೇಳಿದ್ದಕ್ಕೂ ಇದಕ್ಕೂ ಒಂದು ಪದ ವ್ಯತ್ಯಾಸ ಇಲ್ಲ" ಅಂತ ಆಣೆ ಮಾಡುವ ಹಾಗೆ ಹೇಳುವವರಿದ್ದರು. ರೆಕಾರ್ಡು ಹಾಕಿ ನೋಡಿದರೆ ಎರಡೂ ಬೇರೆ ಬೇರೆ! ಅವರು ಸುಳ್ಳು ಹೇಳುತ್ತಿರಲಿಲ್ಲ. "ಅದೇ ಕಥೆ" ಅಂದರೆ ಅವರಿಗೆ ಅದೇ ಪದಗಳು ಅಂತ ಅರ್ಥವೇ ಅಲ್ಲ.

ಅಕ್ಕ ಹೇಳಿದ ಏಳೆಂಟು ವಾಕ್ಯದ ಮೂಳೆ ಇದೇ.

ಹಳೇಛತ್ರಿ

ಕನ್ನಡಕದವರು ವಿದ್ವತ್ತು ತಂದರು, ನಾನೂ ಸ್ವಲ್ಪ ತರುತ್ತೇನೆ. ಕೊರಿಯಾದ ಹುಡುಗಿಗೆ ಕನ್ನಡದ ಕಥೆ "ಕಂಡಿತು" ಅನ್ನುವುದು ಓದಲು ಚೆನ್ನಾಗಿದೆ. ಆದರೆ 2010ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಮಿದುಳು ವಿಜ್ಞಾನಿ ಯೂರಿ ಹ್ಯಾಸನ್ ಮತ್ತು ಜೊತೆಗಾರರು ಇದನ್ನೇ ಮಿದುಳಿನ ಸ್ಕ್ಯಾನರ್‌ನೊಳಗೆ ಪರೀಕ್ಷೆ ಮಾಡಿದ್ದಾರೆ. ಕಥೆ ಹೇಳುವವರ ಮಿದುಳಿನಲ್ಲಿ ಆಗುವುದು, ಕೇಳುವವರ ಮಿದುಳಿನಲ್ಲೂ ಸ್ವಲ್ಪ ಹೊತ್ತಿನ ನಂತರ ಹಾಗೇ ಆಗುತ್ತದೆ. ಎರಡೂ ಜೊತೆಜೊತೆ ಕುಣಿಯುತ್ತವೆ. ಆದರೆ ರಷ್ಯನ್ ಬಾರದವರಿಗೆ ರಷ್ಯನ್ ಕಥೆ ಕೇಳಿಸಿದಾಗ? ಆ ಜೋಡಿ ಕುಣಿತ ಮಾಯ. ಭಾಷೆ ಬೇಕೇ ಬೇಕು ಸ್ವಾಮಿ. "ಹೃದಯಕ್ಕೆ ಭಾಷೆ ಇಲ್ಲ" ಅನ್ನುವುದೆಲ್ಲ ಗೋಡೆಗೆ ಅಂಟಿಸುವ ಮಾತು.

ಅರ್ಧಕಥೆ

ಒಳ್ಳೆಯ ಪೆಟ್ಟು ಅಣ್ಣ, ಒಪ್ಪಿಕೊಳ್ಳುತ್ತೇನೆ. ಒಂದು ವ್ಯತ್ಯಾಸ ಇದೆ. ಸ್ಕ್ಯಾನರ್‌ನೊಳಗೆ ಕೇಳಿದವರಿಗೆ ಬರೀ ದನಿ. ನನ್ನ ಎದುರು ಕೂತವಳಿಗೆ ನನ್ನ ಮುಖ, ಬಾಗಿದ ಬೆನ್ನು, ಹುಡುಕುವ ಕೈ ಎಲ್ಲ ಕಾಣುತ್ತಿತ್ತು. ಅವಳು ಕಥೆ ಕೇಳಲಿಲ್ಲ, ಮುದುಕಿಯನ್ನು ನೋಡಿದಳು. ಯಾಕೆ ನೆರಳು ಕಳೆಯಿತು, ಯಾರು ಕದ್ದರು ಅನ್ನುವುದು ಅವಳಿಗೆ ಏನೂ ತಿಳಿದಿರಲಿಲ್ಲ. ನಾನು ಅದನ್ನು ಬರೆಯಲಿಲ್ಲ, ಬರೆದರೆ ನನ್ನ ಕಥೆಯ ಕಳೆ ಕಡಿಮೆಯಾಗುತ್ತಿತ್ತಲ್ಲ!

ಎರಡನೇ ವಾರ ನಮಗೂ ಇದೇ ಪಾಠ ಆಯಿತು. ಮುಖ ಮೈ ನೆಚ್ಚಿಕೊಂಡು ಕುಣಿದದ್ದು ಜಾಸ್ತಿಯಾಗಿ, ಒಂದು ದಿನ ಎಲ್ಲರನ್ನೂ ಕುರ್ಚಿಯ ಮೇಲೆ ಕೂರಿಸಿ, ಕೈ ತೊಡೆಯ ಮೇಲಿಟ್ಟು ಹೇಳಿ ಅಂದರು. ಜಪಾನಿನವರೊಬ್ಬರು ರಾಕುಗೊ, ಅಂದರೆ ಅವರಲ್ಲಿ ಕೂತೇ ಕಥೆ ಹೇಳುವ ಕಲೆ, ತೋರಿಸಿದ್ದು ಅವತ್ತೇ. ಮೆತ್ತೆಯ ಮೇಲೆ ಮಂಡಿಯೂರಿ ಕೂತವರು ಕೊನೆಯವರೆಗೂ ಏಳುವುದಿಲ್ಲ. ಕೈಯಲ್ಲಿ ಒಂದು ಬೀಸಣಿಗೆ, ಒಂದು ಚಿಕ್ಕ ಬಟ್ಟೆ, ಅಷ್ಟೇ. ತಲೆ ಎಡಕ್ಕೆ ತಿರುಗಿದರೆ ಒಬ್ಬ, ಬಲಕ್ಕೆ ತಿರುಗಿದರೆ ಇನ್ನೊಬ್ಬ. ಬೀಸಣಿಗೆ ಪೆನ್ನಾಯಿತು, ಕತ್ತಿಯಾಯಿತು. ನಾವು ಇಡೀ ಕೋಣೆ ಓಡಾಡಿ ಮಾಡಲಾಗದ್ದನ್ನು ಅವರು ಕತ್ತು ತಿರುಗಿಸಿ ಮಾಡಿದರು.

ಬೆಳ್ಳಿಚುಕ್ಕಿ

ಎಲ್ಲರೂ ಹೊಗಳುತ್ತಿದ್ದೀರಿ, ನನ್ನದು ಸ್ವಲ್ಪ ಕಹಿ. ನಾನು ಕೆಲವು ವರ್ಷದ ಹಿಂದೆ ಬೇರೆ ಒಂದು ಶಿಬಿರಕ್ಕೆ ಹೋಗಿದ್ದೆ, ಹೆಸರು ಬೇಡ. ಎರಡನೇ ದಿನವೇ "ನಿಮ್ಮ ಜೀವನದ ಅತಿ ನೋವಿನ ಗಳಿಗೆಯನ್ನು ಕಥೆ ಮಾಡಿ" ಅಂದರು. ಒಬ್ಬಳು ತನ್ನ ಮಗುವಿನ ಸಾವಿನ ಬಗ್ಗೆ ಹೇಳತೊಡಗಿ ಅರ್ಧಕ್ಕೇ ಕುಸಿದು ಕೂತಳು. ಎಲ್ಲರೂ ಅತ್ತರು. ಕಲಿಸುವವರು "ಎಷ್ಟು ಶಕ್ತಿ ಇದೆ ನೋಡಿ ಇದರಲ್ಲಿ" ಅಂದರು. ಆಮೇಲೆ ಊಟದ ಬಿಡುವು. ಅವಳ ಜೊತೆ ಆ ರಾತ್ರಿ ಕೂತಿದ್ದು ನಾನು ಮತ್ತು ಇನ್ನೊಬ್ಬಳು, ಕಲಿಸುವವರಲ್ಲ. ಮಾರನೆಯ ಬೆಳಗ್ಗೆ ಅವಳು ಹೊರಟುಹೋದಳು.

ಹೋಗುವ ಮುಂಚೆ ಇದನ್ನು ಕೇಳಿ ತಿಳಿದುಕೊಳ್ಳಿ ಅಂತ ಬರೆಯುತ್ತಿದ್ದೇನೆ.

ಅರ್ಧಕಥೆ

ಓದಿ ಬೇಜಾರಾಯಿತು ಚುಕ್ಕಿ. ನಮ್ಮಲ್ಲಿ ಸ್ವಂತ ಕಥೆ ಬಂದದ್ದು ಮೂರನೇ ವಾರ, ಅದೂ ಇಷ್ಟವಿದ್ದವರಿಗೆ. ಅದಕ್ಕೂ ಒಂದು ಶರತ್ತಿತ್ತು. ಆ ಕಥೆಯನ್ನು ನೀವು ಈಗಾಗಲೇ ಹತ್ತಿರದ ಒಬ್ಬರಿಗೆ ಅಳದೆ ಹೇಳಿದ್ದೀರಾ? ಇಲ್ಲದಿದ್ದರೆ ಇಲ್ಲಿ ಬೇಡ, ಇದು ಚಿಕಿತ್ಸೆಯ ಜಾಗ ಅಲ್ಲ ಅಂದರು. ನನಗೆ ಆಗ ಅದು ಸ್ವಲ್ಪ ಕಠಿಣ ಅನ್ನಿಸಿತ್ತು. ನಿಮ್ಮ ಮಾತು ಓದಿದ ಮೇಲೆ ಅನ್ನಿಸುತ್ತಿಲ್ಲ.

ಜಾನಪದ ಕಥೆಯ ಒಂದು ಉಪಕಾರ ಅಂದರೆ ಅದು ಪರದೆಯ ಹಾಗೆ. ಸಿರಿಯಾದಿಂದ ಬಂದಿದ್ದ ಒಬ್ಬರು ಮೂರು ವಾರದಲ್ಲಿ ತಮ್ಮ ಊರಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಮನೆಗೆ ದಾರಿ ಮರೆತ ಹಕ್ಕಿಯ ಕಥೆ ಹೇಳಿದರು. ನಾವು ಏನೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

ಮೂಲೆಬೆಂಚು

ತಪ್ಪು ತೋರಿಸುವುದು ಹೇಗೆ? ನನಗೆ ಎಲ್ಲರ ಮುಂದೆ ಹೇಳಿಸಿಕೊಳ್ಳುವುದು ಅಂದರೆ ಶಾಲೆ ನೆನಪಾಗುತ್ತದೆ.

ಅರ್ಧಕಥೆ

ಅದಕ್ಕೊಂದು ಕ್ರಮ ಇತ್ತು. ಕಥೆ ಮುಗಿದ ಕೂಡಲೇ ಚಪ್ಪಾಳೆ ಇಲ್ಲ, ಸ್ವಲ್ಪ ಹೊತ್ತು ಸುಮ್ಮನೆ ಇರಬೇಕು. ಆಮೇಲೆ ಕೇಳಿದವರು ತಮಗೆ ಉಳಿದುಕೊಂಡ ಒಂದು ಚಿತ್ರ ಹೇಳಬೇಕು. "ಚೆನ್ನಾಗಿತ್ತು" ಅನ್ನುವ ಹಾಗಿಲ್ಲ. "ಬಾವಿಯ ಕಟ್ಟೆಯ ಮೇಲಿದ್ದ ಒದ್ದೆ ಕಾಲಿನ ಗುರುತು" ಅನ್ನಬೇಕು. ತಿದ್ದುವ ಮಾತು, ಕಥೆ ಹೇಳಿದವರೇ ಕೇಳಿದರೆ ಮಾತ್ರ.

ಮೊದಲು ಇದು ಒಬ್ಬರ ಬೆನ್ನು ಒಬ್ಬರು ತಟ್ಟುವ ಆಟ ಅನ್ನಿಸಿತು. ಆದರೆ ನನ್ನ ಕಥೆಯಲ್ಲಿ ನಾನು ಬಹಳ ಶ್ರಮಪಟ್ಟು ಕಟ್ಟಿದ ರಾಜನ ಅರಮನೆ ಹದಿನಾರು ಜನರಲ್ಲಿ ಒಬ್ಬರಿಗೂ ಉಳಿದಿರಲಿಲ್ಲ. ಯಾರೂ ನನ್ನನ್ನು ಬೈಯಲಿಲ್ಲ. ಅರಮನೆಯನ್ನು ನಾನೇ ತೆಗೆದೆ.

ಗುಂಡುಪಿನ್ನು

ಬೇರೆ ದೇಶದವರ ಕಥೆ ಕೇಳಿ ಇಷ್ಟವಾದರೆ ನಾವು ಹೇಳಬಹುದಾ? ನಾನು ಮಕ್ಕಳಿಗೆ ಕಥೆ ಹೇಳುತ್ತೇನೆ, ಸಿಕ್ಕಿದ್ದೆಲ್ಲ ಹೇಳುತ್ತೇನೆ. ಈಗ ಅನುಮಾನ ಬಂತು.

ಅರ್ಧಕಥೆ

ನಮ್ಮಲ್ಲಿ ಜಗಳ ಆದದ್ದು ಇದೊಂದೇ ವಿಷಯಕ್ಕೆ. ಕೆನಡಾದ ಮೂಲನಿವಾಸಿ ಸಮುದಾಯದ ಒಬ್ಬರಿದ್ದರು. ಒಂದು ರಾತ್ರಿ ಎಲ್ಲರೂ ಅವರನ್ನು ನಿಮ್ಮವರ ಕಥೆ ಹೇಳಿ ಅಂತ ಪೀಡಿಸಿದೆವು. ಅವರು ನಕ್ಕು ಹೇಳಿದರು, "ಈಗ ಆಗುವುದಿಲ್ಲ, ಹಿಮ ಬಿದ್ದಿಲ್ಲ." ಉತ್ತರ ಅಮೆರಿಕದ ಹಲವು ಮೂಲನಿವಾಸಿಗಳಲ್ಲಿ ಕೆಲವು ಕಥೆಗಳನ್ನು ಚಳಿಗಾಲದಲ್ಲಿ ಮಾತ್ರ ಹೇಳುವುದು. ಕೆಲವು ಕಥೆ ಒಂದು ಮನೆತನದ ಸ್ವತ್ತು, ಅವರನ್ನು ಕೇಳದೆ ಹೇಳುವ ಹಾಗಿಲ್ಲ.

ನಮ್ಮ ಜರ್ಮನಿಯ ಹುಡುಗ ಸುಮ್ಮನಿರಬೇಕಲ್ಲ. ಕಥೆ ಗಾಳಿಯ ಹಾಗೆ, ಯಾರ ಸ್ವತ್ತೂ ಅಲ್ಲ ಅಂದ. ಅವರು ಮೆತ್ತಗೆ ಕೇಳಿದರು, "ನಮ್ಮ ನೆಲವನ್ನೂ ಹೀಗೇ ಹೇಳಿದ್ದರು, ಗೊತ್ತಾ?" ಅವತ್ತು ಬೇಗ ಮಲಗಿದೆವು.

ನಾನು ಈಗ ಪಾಲಿಸುವುದು ಇಷ್ಟು. ಯಾರಿಂದ ಕೇಳಿದೆ ಅಂತ ಕಥೆಗೆ ಮೊದಲು ಹೇಳುತ್ತೇನೆ. ಎದುರಿಗಿದ್ದರೆ ಅನುಮತಿ ಕೇಳುತ್ತೇನೆ. ಪೂಜೆ ನಂಬಿಕೆಗೆ ಅಂಟಿಕೊಂಡ ಕಥೆಯಾದರೆ ಮುಟ್ಟುವುದಿಲ್ಲ. ಇದೇ ಸರಿ ಅಂತ ಅಲ್ಲ.

ಕನ್ನಡಕ

ಜರ್ಮನಿಯ ಹುಡುಗನ ಮಾತು ಪೂರ್ತಿ ತಪ್ಪೂ ಅಲ್ಲ. ಕಥೆಗಳು ಪಾಸ್‌ಪೋರ್ಟ್ ಇಲ್ಲದೆ ತಿರುಗಿವೆ. 1910ರಲ್ಲಿ ಫಿನ್ಲೆಂಡಿನ ಆಂಟಿ ಆರ್ನೆ ಜಾನಪದ ಕಥೆಗಳನ್ನು ನಮೂನೆಗಳಾಗಿ ವಿಂಗಡಿಸಿ ನಂಬರು ಕೊಟ್ಟರು. ಅಮೆರಿಕದ ಸ್ಟಿತ್ ಥಾಂಪ್ಸನ್ 1928ರಲ್ಲಿ, ಮತ್ತೆ 1961ರಲ್ಲಿ ಅದನ್ನು ಬೆಳೆಸಿದರು. 2004ರಲ್ಲಿ ಜರ್ಮನಿಯ ಹಾನ್ಸ್ ಯೋರ್ಗ್ ಊಥರ್ ಮತ್ತೆ ತಿದ್ದಿ ಹಿಗ್ಗಿಸಿದರು. ಮೂವರ ಹೆಸರಿನ ಮೊದಲ ಅಕ್ಷರ ಸೇರಿ ಎಟಿಯು ಅಂತ ಕರೆಯುತ್ತಾರೆ. ಸಿಂಡರೆಲ್ಲಾ ಅಂದರೆ 510ಎ.

ಈ ಸಿಂಡರೆಲ್ಲಾ ಯಾರವಳು? ಒಂಬತ್ತನೇ ಶತಮಾನದಲ್ಲೇ ಚೀನಾದಲ್ಲಿ ಯೆ ಶಿಯನ್ ಅನ್ನುವ ಹುಡುಗಿಯ ಕಥೆ ಬರಹಕ್ಕೆ ಇಳಿದಿದೆ. ಮಲತಾಯಿ ಇದ್ದಾಳೆ, ಕಳೆದ ಚಪ್ಪಲಿ ಇದೆ, ಆದರೆ ಕೇಳಿದ್ದನ್ನು ಕೊಡುವುದು ಮೀನಿನ ಮೂಳೆ. ನಮ್ಮ ಎ. ಕೆ. ರಾಮಾನುಜನ್ ದಾಖಲಿಸಿದ ಕನ್ನಡದ ಹಂಚಿಯ ಕಥೆಯೂ ಇದೇ ಬಳಗದ್ದು. ಅದರ ನಡುವೆ ಇರುವುದು ಚಪ್ಪಲಿಯಲ್ಲ, ಹುಡುಗಿ ತನ್ನ ಚೆಲುವನ್ನು ಮರೆಸಲು ಹಾಕಿಕೊಂಡ ಮಣ್ಣಿನ ಮುಖವಾಡ. ಹಂಚಿನ ಮುಖದವಳು, ಅದಕ್ಕೆ ಹಂಚಿ.

ಎಲುಬುಗೂಡು ಎಲ್ಲರದ್ದು, ಮುಖವಾಡ ಮಾತ್ರ ನಮ್ಮದು.

ಅರ್ಧಕಥೆ

ಅಯ್ಯೋ, ಇದು ಮೊದಲೇ ಗೊತ್ತಿದ್ದರೆ! ಒಂದು ರಾತ್ರಿ ಪೋಲೆಂಡಿನವಳು ಒಂದು ಕಥೆ ಶುರು ಮಾಡಿದಳು. ಅರ್ಧಕ್ಕೆ ಬರುವಷ್ಟರಲ್ಲಿ ಆರು ಜನ ಕೈ ಎತ್ತಿದ್ದರು, ಇದು ನಮ್ಮದೂ ಇದೆ ಅಂತ. ಆಮೇಲೆ ಆರೂ ಜನರಿಂದ ಕೇಳಿದೆವು. ಹನ್ನೆರಡೂವರೆ ಆಯಿತು.

ಶುರು ಮಾಡುವ ಮಾತು ಕೂಡ ಹಾಗೇ. ಇರಾನಿನ ಹಿರಿಯರು "ಒಬ್ಬ ಇದ್ದ, ಒಬ್ಬ ಇರಲಿಲ್ಲ" ಅಂದರು. ಟರ್ಕಿಯವಳು "ಒಂದಿತ್ತು, ಒಂದಿರಲಿಲ್ಲ" ಅಂದಳು. ಹಂಗೇರಿಯವನು ಎದ್ದು ನಿಂತು "ಎಲ್ಲಿತ್ತೋ, ಎಲ್ಲಿರಲಿಲ್ಲವೋ" ಅಂದ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು "ಒಂದಾನೊಂದು ಕಾಲದಲ್ಲಿ" ಅಂದೆ. ಅದರ ಅರ್ಥ ಬಿಡಿಸಿ ಹೇಳಿ ಅಂದಾಗ ತಬ್ಬಿಬ್ಬಾದೆ. ಒಂದು, ಅನ್, ಒಂದು, ಕಾಲ... ಒಂದಾದ ಒಂದು ಕಾಲ? ದಿನಾ ಬಳಸುವ ಮಾತು, ಯಾವತ್ತೂ ನಿಂತು ನೋಡಿರಲಿಲ್ಲ.

ಹಳೇಛತ್ರಿ

ಈಗ ನಾನೂ ನಿಂತು ನೋಡುವ ಹಾಗಾಯಿತು. ಕೆಲಸ ಹಾಳು.

ಮೂಲೆಬೆಂಚು

ಇಂಥವು ಎಲ್ಲಿ ನಡೆಯುತ್ತವೆ? ಹೇಗೆ ಆರಿಸುವುದು?

ಬೆಳ್ಳಿಚುಕ್ಕಿ

ಹಳೆಯದರಲ್ಲಿ ಒಂದು, ಇಂಗ್ಲೆಂಡಿನ ಸಸೆಕ್ಸ್‌ನ ಎಮರ್ಸನ್ ಕಾಲೇಜಿನಲ್ಲಿ 1994ರಲ್ಲಿ ಶುರುವಾದ ಅಂತರರಾಷ್ಟ್ರೀಯ ಕಥಾ ಶಾಲೆ. ಬೇರೆ ದೇಶಗಳಲ್ಲೂ ವಾರಾಂತ್ಯದಿಂದ ಹಿಡಿದು ಕೆಲವು ತಿಂಗಳವರೆಗಿನವು ಇವೆ. ಅಮೆರಿಕದ ಜೋನ್ಸ್‌ಬರೊದಲ್ಲಿ 1973ರಿಂದ ಕಥಾ ಉತ್ಸವ ನಡೆಯುತ್ತಿದೆ, ಸ್ಕಾಟ್ಲೆಂಡಿನಲ್ಲೂ ಒಂದು ದೊಡ್ಡ ಉತ್ಸವ ಇದೆ. ಪೆಟ್ಟು ತಿಂದವಳಾಗಿ ನನ್ನ ಸಲಹೆ: ಮೊದಲು ಕಲಿಸುವವರು ಕಥೆ ಹೇಳುವುದನ್ನು ಕೇಳಿ, ವಿಡಿಯೊ ಆದರೂ ಸರಿ. ಹತ್ತು ನಿಮಿಷ ನಿಮ್ಮನ್ನು ಕೂರಿಸಿಕೊಳ್ಳದವರು ಮೂರು ವಾರ ಏನು ಕೂರಿಸಿಕೊಳ್ಳುತ್ತಾರೆ? ಆಮೇಲೆ, ಗುಂಪಿನಲ್ಲಿ ಯಾರಾದರೂ ಕುಸಿದರೆ ಏನು ಮಾಡುತ್ತೀರಿ ಅಂತ ಮೇಲ್ ಹಾಕಿ. ಉತ್ತರ ಬರುವ ಧಾಟಿಯಲ್ಲೇ ಗೊತ್ತಾಗುತ್ತದೆ.

ಅರ್ಧಕಥೆ

ಚುಕ್ಕಿ ಹೇಳಿದ್ದು ಬಂಗಾರದಂಥ ಮಾತು. ದುಡ್ಡಿನ ವಿಷಯ: ಸಂಕೋಚ ಪಡದೆ ರಿಯಾಯಿತಿ ಕೇಳಿ. ಹಲವು ಕಡೆ ದೂರದಿಂದ ಬರುವವರಿಗೆ ಅಂತಲೇ ಒಂದೆರಡು ಜಾಗ ಇಟ್ಟಿರುತ್ತಾರೆ, ಕೇಳದಿದ್ದರೆ ಹೇಳುವುದಿಲ್ಲ. ವೀಸಾಕ್ಕೆ ಶಿಬಿರದ ಪತ್ರ ಬೇಕು, ಅದರಲ್ಲಿ ವಸತಿ ಊಟ ಸೇರಿದೆ ಅಂತ ಸ್ಪಷ್ಟವಾಗಿ ಬರೆಸಿಕೊಳ್ಳಿ. ನನ್ನ ಜೊತೆ ಬರಬೇಕಿದ್ದ ಒಬ್ಬರಿಗೆ ವೀಸಾ ಸಿಗಲಿಲ್ಲ. ಅವರ ಕುರ್ಚಿಯನ್ನು ಮೊದಲ ವಾರ ಹಾಗೇ ಬಿಟ್ಟಿದ್ದರು.

ಹೋಗುವಾಗ ಎರಡು ಕಥೆ ಒಯ್ಯಿರಿ. ಒಂದು ಗಟ್ಟಿಯಾಗಿ ಗೊತ್ತಿರುವುದು, ಇನ್ನೊಂದು ಅರ್ಧ ಮರೆತದ್ದು. ಕೆಲಸಕ್ಕೆ ಬರುವುದು ಎರಡನೆಯದು.

ಗುಂಡುಪಿನ್ನು

ಕೊನೆಯ ರಾತ್ರಿ ಏನು ಹೇಳಿದಿರಿ ಅಕ್ಕ? ಅದನ್ನು ಹೇಳಲೇ ಇಲ್ಲ.

ಅರ್ಧಕಥೆ

ಬೇಕಂತಲೇ ಬಿಟ್ಟಿದ್ದೆ, ಮಾನ ಹೋಗುವ ವಿಷಯ.

ಕೊನೆಯ ರಾತ್ರಿ ಹೊರಗಿನವರನ್ನೂ ಕರೆದಿದ್ದರು. ಐವತ್ತು ಅರವತ್ತು ಜನ. ನನ್ನದು ಅದೇ ನೆರಳು ಕಳೆದುಕೊಂಡ ಮುದುಕಿ. ಚೆನ್ನಾಗೇ ಹೋಗುತ್ತಿತ್ತು. ಮುದುಕಿ ಮೂರನೇ ಬಾಗಿಲು ತಟ್ಟುವ ಹೊತ್ತಿಗೆ, ಏನೂ ಇಲ್ಲ. ತಲೆಯೊಳಗೆ ಬಿಳಿ ಗೋಡೆ. ಅಷ್ಟೂ ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದಾರೆ. ಅವರಿಗೆ ಅದು ನಾಟಕದ ಮೌನ ಅನ್ನಿಸಿರಬೇಕು.

ನನ್ನ ಅಜ್ಜಿಗೆ ಒಂದು ನಿಯಮ ಇತ್ತು. ಕೇಳುವವರು ಹೂಂ ಅನ್ನುತ್ತಲೇ ಇರಬೇಕು. ಹೂಂ ನಿಂತರೆ ಕಥೆಯೂ ನಿಂತಿತು, ಮಲಗಿ ಅನ್ನುತ್ತಿದ್ದರು. ಶಿಬಿರದ ಮೊದಲ ದಿನಗಳಲ್ಲಿ ನನ್ನನ್ನು ಕೆಡಿಸಿದ್ದು ಇಂಗ್ಲಿಷಿಗಿಂತ ಈ ಹೂಂ ಇಲ್ಲದ್ದು. ಯುರೋಪಿನವರು ಕಣ್ಣು ಬಿಟ್ಟುಕೊಂಡು ನಿಶ್ಶಬ್ದವಾಗಿ ಕೇಳುತ್ತಾರೆ. ಅದು ಅವರ ಮರ್ಯಾದೆ. ನನಗೆ ಬಾವಿಗೆ ಕಲ್ಲು ಹಾಕಿ ಸದ್ದಿಗೆ ಕಾದ ಹಾಗಾಗುತ್ತಿತ್ತು. ಇದನ್ನು ಒಂದು ದಿನ ಊಟದ ಮೇಜಿನಲ್ಲಿ ಹೇಳಿದ್ದೆ. ಹೈಟಿಯವರೊಬ್ಬರು ಕುಣಿದು ಎದ್ದರು. ಅವರಲ್ಲಿ ಹೇಳುವವರು "ಕ್ರಿಕ್?" ಅನ್ನಬೇಕು, ಕೇಳುವವರೆಲ್ಲ "ಕ್ರ್ಯಾಕ್!" ಅಂದರೆ ಮಾತ್ರ ಕಥೆ ಶುರು.

ಸರಿ, ಬಿಳಿ ಗೋಡೆ. ಎಷ್ಟು ಹೊತ್ತು ಹಾಗೇ ಇದ್ದೆನೋ ಗೊತ್ತಿಲ್ಲ. ಹಿಂದಿನ ಸಾಲಿನಿಂದ ಒಂದು ಸಣ್ಣ ದನಿ ಬಂತು. "ಹೂಂ."

ಕೊರಿಯಾದ ಹುಡುಗಿ. ಉಚ್ಚಾರ ಸ್ವಲ್ಪ ಬೇರೆ, "ಹ್ಮುಂ" ಅನ್ನುವ ಹಾಗೆ. ಅದರ ಬೆನ್ನಿಗೇ ಹೈಟಿಯವರು. ಆಮೇಲೆ ಇನ್ನಾರೋ. ಅಜ್ಜಿ ಪಕ್ಕದಲ್ಲಿ ಕೂತ ಹಾಗಾಯಿತು. ಮೂರನೇ ಬಾಗಿಲು ತೆರೆಯಿತು.

ಮೂಲೆಬೆಂಚು

ಓದುತ್ತ ನಾನೂ ಅಂದುಬಿಟ್ಟೆ.

ಹಳೇಛತ್ರಿ

ಅಕ್ಕ, ನನ್ನ ಅನುಮಾನಗಳೆಲ್ಲ ಇನ್ನೂ ಹಾಗೇ ಇವೆ. ಕೋರ್ಸಿಗೆ ನಾನು ಹೋಗುವುದಿಲ್ಲ. ಆದರೆ ಮೂರನೇ ಬಾಗಿಲು ತೆಗೆದದ್ದು ಯಾರು? ನೆರಳು ಎಲ್ಲಿತ್ತು? ಬೆಳಗ್ಗೆಯಿಂದ ಅದೇ ಕೊರೆಯುತ್ತಿದೆ.

ಅರ್ಧಕಥೆ

ಅಜ್ಜಿಯ ನಿಯಮ ಓದಿದಿರಲ್ಲ ಅಣ್ಣ?

ಹಳೇಛತ್ರಿ

ಹೂಂ.